ಒಂದೇ ತುಣುಕು, ಎರಡು ವರದಿ

ಪ್ರಶ್ನೆ: ನಾನು ಜಮಖಂಡಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ತಮ್ಮನಿಗೆ 31 ವರ್ಷ, ಬನಹಟ್ಟಿಯಲ್ಲಿ ಪಾವರ್‌ಲೂಮ್ ಇಟ್ಟುಕೊಂಡಿದ್ದಾನೆ. ಆರು ವರ್ಷದಿಂದ ಅವನ ಸೊಂಟ, ತೊಡೆ, ಕುಂಡಿಯ ಮೇಲೆ ತಿಳಿಬಿಳಿ ಮಚ್ಚೆಗಳಿವೆ. ಮೊದಲು ಚಿಬ್ಬು ಎಂದರು, ಆಮೇಲೆ ತೊನ್ನು ಎಂದರು, ಒಂದು ವರ್ಷ ಕುಷ್ಠದ ಗುಳಿಗೆಯೂ ಆಯಿತು. ಕಡೆಗೆ ಬಯಾಪ್ಸಿ ಮಾಡಿಸಿದೆವು. ಒಂದು ಲ್ಯಾಬಿನವರು ‘ಸಿಡಿ4, ಸಿಡಿ8 ಎರಡೂ ಮಿಶ್ರವಾಗಿವೆ, ಖಚಿತವಾಗಿ ಹೇಳಲಾಗದು’ ಎಂದರು. ಮೇಣದಲ್ಲಿ ಕೂರಿಸಿದ ಅದೇ ತುಣುಕನ್ನು, ಅಂದರೆ ಬ್ಲಾಕನ್ನು, ಬೇರೆ ಕಡೆ ಕಳಿಸಿದಾಗ ‘ಮೈಕೋಸಿಸ್ ಫಂಗಾಯ್ಡಿಸ್, ಅಪರೂಪದ ಮಾದರಿ. ಸಿಡಿ3 ಪಾಸಿಟಿವ್, ಸಿಡಿ8 ಪಾಸಿಟಿವ್, ಸಿಡಿ4 ನೆಗೆಟಿವ್, ಸಿಡಿ7 ಇಲ್ಲ’ ಎಂದು ಬಂತು. ಮೊಬೈಲಿನಲ್ಲಿ ಹುಡುಕಿದರೆ ಸಿಡಿ8 ಲಿಂಫೋಮಾ ಬಹಳ ಕ್ರೂರ, ಎರಡು ಮೂರು ವರ್ಷದ ಮಾತು ಎಂದಿದೆ. ಒಬ್ಬ ಡಾಕ್ಟರು ಕೀಮೋ ಶುರು ಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ಬೆಳಕಿನ ಚಿಕಿತ್ಸೆ ಸಾಕು ಎನ್ನುತ್ತಾರೆ. ಯಾವ ವರದಿ ನಂಬಬೇಕು? ಬಣ್ಣದ ನೂಲಿನಿಂದ ಬಂತೇ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಫೋಟೋ, ವರದಿ ಎಲ್ಲ ಕಳಿಸಿದ್ದೇನೆ.

ಉತ್ತರ: ಅಕ್ಕೋರೆ, ಮಕ್ಕಳ ಚಿಂತೆಯನ್ನು ಮೊದಲು ಇಳಿಸಿಬಿಡೋಣ. ಇದು ಅಂಟುವ ರೋಗವಲ್ಲ. ಒಂದೇ ತಾಟಿನಲ್ಲಿ ಉಂಡರೂ ಒಂದೇ ಕೌದಿ ಹೊದ್ದು ಮಲಗಿದರೂ ಬರುವುದಿಲ್ಲ. ನೂಲಿನ ಬಣ್ಣದಿಂದ ಬಂತು ಎನ್ನಲು ಆಧಾರವಿಲ್ಲ, ಮಗ್ಗ ನಿಲ್ಲಿಸುವ ಅಗತ್ಯವೂ ಇಲ್ಲ. ಹೆಸರಿನಲ್ಲಿ ‘ಫಂಗಾಯ್ಡಿಸ್’ ಇದೆಯೆಂದು ಗಜಕರ್ಣದ ಮುಲಾಮು ಹಚ್ಚುವವರೂ ಇದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. 1806ರಲ್ಲಿ ಅಲಿಬೇರ್ ಎಂಬ ಫ್ರೆಂಚ್ ವೈದ್ಯ ಒಬ್ಬ ರೋಗಿಯ ಮೈಮೇಲೆ ಅಣಬೆಯಂತೆ ಎದ್ದ ಗಡ್ಡೆಗಳನ್ನು ಕಂಡ. ಆ ಅಣಬೆಯೇ ಹೆಸರಾಗಿ ಉಳಿದು ಇನ್ನೂರು ವರ್ಷದಿಂದ ಜನರನ್ನು ದಾರಿ ತಪ್ಪಿಸುತ್ತಿದೆ. ನಿಮ್ಮ ತಮ್ಮನ ಮೈಮೇಲೆ ಅಣಬೆಯೂ ಇಲ್ಲ, ಶಿಲೀಂಧ್ರವೂ ಇಲ್ಲ. ಚರ್ಮದಲ್ಲಿ ಕಾವಲಿಗೆ ಓಡಾಡುವ ಟಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಒಂದು ವಂಶ ಹದ ತಪ್ಪಿ, ಚರ್ಮದಲ್ಲೇ ಠಿಕಾಣಿ ಹೂಡಿದೆ. ಇದು ಲಿಂಫೋಮಾ ಹೌದು, ಕ್ಯಾನ್ಸರ್ ಎಂಬ ಪಟ್ಟಿಯಲ್ಲಿ ಸೇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊಬೈಲಿನಲ್ಲಿ ನೀವು ಓದಿ ಬೆಚ್ಚಿದ ರೋಗ ಇದಲ್ಲ ಎಂದೇ ನನಗೆ ಅನಿಸುತ್ತಿದೆ. ಹಾಗೇಕೆ ಅನಿಸುತ್ತದೆ ಎಂದು ಹೇಳುತ್ತೇನೆ.

ವರದಿಯಲ್ಲಿ ಕಾಣುವ ‘ಸಿಡಿ’ ಎಂಬುದು ಜೀವಕೋಶದ ಮೈಮೇಲಿನ ಪ್ರೋಟೀನುಗಳಿಗೆ ಕೊಟ್ಟ ನಂಬರು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು (ಆಂಟಿಬಾಡಿ) ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದ ಮೇಲೆ ಲ್ಯಾಬಿಗೊಂದು ಹೆಸರು, ಊರಿಗೊಂದು ಹೆಸರು ಎಂದಾಗಿ ಗೊಂದಲವೆದ್ದಿತು. 1982ರಲ್ಲಿ ಪ್ಯಾರಿಸ್‌ನಲ್ಲಿ ಕುಳಿತು ಎಲ್ಲಕ್ಕೂ ಸಾಲಾಗಿ ಸಿಡಿ ನಂಬರು ಹಚ್ಚಿದರು. ನಿಮ್ಮ ಹಾಜರಿ ಪುಸ್ತಕದ ನಂಬರಿದ್ದ ಹಾಗೆ. ಎಂಟನೇ ನಂಬರಿನ ಹುಡುಗ ನಾಲ್ಕನೇ ನಂಬರಿನವನಿಗಿಂತ ಎರಡು ಪಟ್ಟು ಉಡಾಳ ಎಂದೇನೂ ಅಲ್ಲವಲ್ಲ! ಸಿಡಿ8 ಎಂದರೆ ಎಂಟನೇ ಹಂತ ಎಂದು ತಿಳಿದು ಅತ್ತವರನ್ನು ನಾನು ನೋಡಿದ್ದೇನೆ, ಅದಕ್ಕೇ ಈ ಮಾತು.

ಆರೋಗ್ಯವಂತ ಟಿ ಕೋಶದ ಮೈಮೇಲೆ ಸಿಡಿ2, ಸಿಡಿ3, ಸಿಡಿ5, ಸಿಡಿ7 ಇರುತ್ತವೆ. ಬೆಳೆದು ನಿಂತ ಮೇಲೆ ಸಿಡಿ4 ಇಲ್ಲವೇ ಸಿಡಿ8, ಎರಡರಲ್ಲಿ ಒಂದನ್ನು ಉಳಿಸಿಕೊಳ್ಳುತ್ತದೆ. ಸಿಡಿ4ರವು ಉಳಿದವರಿಗೆ ಸೂಚನೆ ಕೊಡುವವು, ಸಿಡಿ8ರವು ತಾವೇ ಮೇಲೆ ಬಿದ್ದು ಕೊಲ್ಲುವವು. ಮೈಕೋಸಿಸ್ ಫಂಗಾಯ್ಡಿಸ್ ಹೆಚ್ಚಿನವರಲ್ಲಿ ಸಿಡಿ4 ವಂಶದ್ದು. ಪಠ್ಯಪುಸ್ತಕದ ಮಾದರಿ ಎಂದರೆ ಸಿಡಿ3 ಇದೆ, ಸಿಡಿ4 ಇದೆ, ಸಿಡಿ8 ಇಲ್ಲ, ಸಿಡಿ7 ಉದುರಿದೆ. ಈ ಸಾಲಿಗೆ ಹೊಂದದ್ದೆಲ್ಲ ವರದಿಯಲ್ಲಿ ‘ಅಪರೂಪದ ಮಾದರಿ’ ಆಗುತ್ತದೆ. ಸಿಡಿ8 ವಂಶದ್ದು ಇರಬಹುದು, ಎರಡೂ ಇಲ್ಲದ್ದು, ಎರಡೂ ಇರುವುದು, ಬಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಸೊತ್ತಾದ ಸಿಡಿ20ಯನ್ನು ಹೊತ್ತದ್ದು, ಸಿಡಿ56 ತೋರಿಸುವುದೂ ಇರಬಹುದು. ಕೇಳಲು ಗಾಬರಿ ಹುಟ್ಟಿಸುವ ಪಟ್ಟಿ. ಆದರೆ ಮಚ್ಚೆಯ ಹಂತದಲ್ಲಿ ನಿಂತ ರೋಗದಲ್ಲಿ ಸಿಡಿ8 ಇದ್ದ ಮಾತ್ರಕ್ಕೆ, ಇಲ್ಲವೇ ಎರಡೂ ಇಲ್ಲದ ಮಾತ್ರಕ್ಕೆ, ರೋಗದ ನಡೆ ಕೆಡುವುದಿಲ್ಲ.

ಈಗ ಎರಡು ವರದಿಗಳ ಜಗಳಕ್ಕೆ ಬರೋಣ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಭಾಗ ಇದು.

ಸಂಕ್ರಾಂತಿಗೆ ನಮ್ಮ ಕಡೆ ಮಾಡುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ನೆನಪು ಮಾಡಿಕೊಳ್ಳಿ. ಚರ್ಮದ ತುಣುಕನ್ನು ಅಡ್ಡಕ್ಕೆ ಸೀಳಿ ನೋಡಿದರೆ ಮೇಲೆ ರೊಟ್ಟಿಯಂಥ ತೆಳ್ಳನೆಯ ಹೊರಪದರ, ಕೆಳಗೆ ದಪ್ಪನೆಯ ಒಳಪದರ. ಈ ರೋಗದಲ್ಲಿ ಕೆಟ್ಟ ಕೋಶಗಳು ಹೊರಪದರಕ್ಕೆ ಹತ್ತಿ, ಅದರ ತಳದ ಸಾಲಿನಲ್ಲಿ ಎಳ್ಳು ಹಚ್ಚಿದ ಹಾಗೆ ಒಂದೊಂದಾಗಿ ಕೂರುತ್ತವೆ, ಪ್ರತಿಯೊಂದರ ಸುತ್ತಲೂ ಸಣ್ಣ ಬಿಳಿ ಬಳೆ. ಒಳಪದರದಲ್ಲೂ ಲಿಂಫೋಸೈಟುಗಳ ಸಂತೆ ಇರುತ್ತದೆ, ಆದರೆ ಆ ಸಂತೆಯಲ್ಲಿ ಬಹುಪಾಲು ಅಮಾಯಕರು. ಗಲಾಟೆ ಕೇಳಿ ಓಡಿ ಬಂದ ಒಳ್ಳೆಯ ಸಿಡಿ4 ಕೋಶಗಳು ಅವು. ಮೇಲಾಗಿ ಸಿಡಿ4 ಗುರುತಿಸಲು ಸ್ಲೈಡಿಗೆ ಹಾಕುವ ಬಣ್ಣವೇ ಸ್ವಲ್ಪ ಚಂಚಲ. ಟಿ ಕೋಶಗಳಷ್ಟೇ ಅಲ್ಲ, ಹೊರಪದರದ ಲ್ಯಾಂಗರ್‌ಹಾನ್ಸ್ ಕೋಶ, ಒಳಪದರದ ಹಿಸ್ಟಿಯೋಸೈಟು ಎಂಬ ಬೇರೆ ಕಾವಲು ಕೋಶಗಳೂ ಅದನ್ನು ಹಿಡಿದು ಕಂದುಬಣ್ಣಕ್ಕೆ ತಿರುಗುತ್ತವೆ.

ಒಬ್ಬರು ಇಡೀ ತುಣುಕನ್ನು ಕಣ್ಣಳತೆಯಲ್ಲಿ ಎಣಿಸಿ ‘ಮಿಶ್ರ’ ಎಂದು ಬರೆದಿರಬೇಕು. ಇನ್ನೊಬ್ಬರು ಹೊರಪದರಕ್ಕೆ ಹತ್ತಿದ ಕೋಶಗಳನ್ನಷ್ಟೇ ಎಣಿಸಿ ‘ಸಿಡಿ8’ ಎಂದಿದ್ದಾರೆ. ಇಬ್ಬರೂ ಕಂಡದ್ದನ್ನೇ ಬರೆದಿದ್ದಾರೆ. ನನ್ನ ಒಲವು ಎರಡನೆಯವರ ಕಡೆಗೆ, ಯಾಕೆಂದರೆ ಕಳ್ಳ ಕೂತದ್ದು ಮಾಳಿಗೆಯ ಮೇಲೆ, ಅಂಗಳದ ಜನರನ್ನು ಎಣಿಸಿದರೆ ಅವನು ಸಿಗುವುದಿಲ್ಲ. 2005ರಲ್ಲಿ ಅಂತರರಾಷ್ಟ್ರೀಯ ತಜ್ಞರು ಆರಂಭದ ಮೈಕೋಸಿಸ್ ಫಂಗಾಯ್ಡಿಸ್‌ಗೆ ಅಂಕದ ಪದ್ಧತಿ ಮಾಡಿದಾಗ, ಸಿಡಿ2, ಸಿಡಿ3, ಸಿಡಿ5, ಸಿಡಿ7ರ ವಿಷಯದಲ್ಲಿ ಹೊರಪದರ ಒಂದು ಹೇಳಿ ಒಳಪದರ ಇನ್ನೊಂದು ಹೇಳುವ ಇಂಥ ಭಿನ್ನಮತವನ್ನು ರೋಗದ ಗುರುತುಗಳಲ್ಲಿ ಒಂದಾಗಿ ಸೇರಿಸಿದರು. ಮೈಮೇಲಿನ ಚಿತ್ರಕ್ಕೆ ಹೆಚ್ಚೆಂದರೆ 2 ಅಂಕ, ಸಾಮಾನ್ಯ ಬಣ್ಣದಲ್ಲಿ ಕಂಡ ಕೋಶಗಳ ಚಿತ್ರಕ್ಕೆ 2, ಟಿ ಕೋಶಗಳು ಒಂದೇ ವಂಶದವೇ ಎಂದು ನೋಡುವ ಜೀನ್ ಪರೀಕ್ಷೆಗೆ 1, ಈ ಸಿಡಿ ಮಾರ್ಕರುಗಳಿಗೆಲ್ಲ (ಗುರುತಿನ ಪ್ರೋಟೀನು) ಸೇರಿ 1. ಒಟ್ಟು 4 ಬಂದರೆ ರೋಗವೆಂದು ಒಪ್ಪಬಹುದು. ಆರರಲ್ಲಿ ಒಂದೇ ಒಂದು ಅಂಕ ಮಾರ್ಕರಿನದು, ಗಮನಿಸಿ. ನಾವು ಲ್ಯಾಬಿನವರು ಪುಟಗಟ್ಟಲೆ ಬರೆದು ಕಳಿಸುವ ಸಿಡಿಗಳ ತೂಕ ಅಷ್ಟೇ.

ಸಿಡಿ7 ಇಲ್ಲ ಎಂಬ ಸಾಲಿಗೂ ಬಹಳ ಬೆಲೆ ಕೊಡಬೇಡಿ. ಇಸಬಿನಂಥ ಸಾದಾ ಉರಿಯೂತದಲ್ಲೂ ಸಿಡಿ7 ಕಡಿಮೆ ಆಗುತ್ತದೆ. ಹೊರಪದರದ ಕೋಶಗಳಲ್ಲಿ ಸಿಡಿ2, ಸಿಡಿ5 ಕೂಡ ಉದುರಿದ್ದರೆ ಆ ಮಾತಿಗೆ ತೂಕ ಜಾಸ್ತಿ. ನಿಮ್ಮ ಎರಡೂ ವರದಿಗಳಲ್ಲಿ ಸಿಡಿ2, ಸಿಡಿ5 ಮಾಡಿದ್ದೇ ಕಾಣುವುದಿಲ್ಲ. ಮಾಡಿಸಿ ಎಂದು ಕೇಳಿ, ಅದೇ ಬ್ಲಾಕಿನಿಂದ ಆಗುತ್ತದೆ.

ಇನ್ನು ಮೊಬೈಲಿನಲ್ಲಿ ನೀವು ಓದಿದ್ದು. ಅದು ಸುಳ್ಳಲ್ಲ, ಬೇರೆ ರೋಗದ ಕಥೆ. 1999ರಲ್ಲಿ ಇಟಲಿಯ ಬರ್ಟಿ ಮತ್ತು ಸಂಗಡಿಗರು ಗುರುತಿಸಿದ ಒಂದು ಸಿಡಿ8 ಲಿಂಫೋಮಾ ಇದೆ, ಬಲು ಅಪರೂಪ, ನಿಜಕ್ಕೂ ಕ್ರೂರ. ಅದು ಆರು ವರ್ಷ ಸೊಂಟದ ಮೇಲೆ ಸದ್ದಿಲ್ಲದೆ ಕೂರುವುದಿಲ್ಲ. ವಾರ, ತಿಂಗಳುಗಳಲ್ಲಿ ಮೈತುಂಬ ಗಂಟು ಎದ್ದು, ಗಂಟು ಒಡೆದು ಹುಣ್ಣಾಗಿ, ಕಪ್ಪುಗಟ್ಟಿ, ಬಾಯೊಳಗೂ ಕಾಣಿಸಿಕೊಂಡು, ದುಗ್ಧಗ್ರಂಥಿಗಳನ್ನು ಬಿಟ್ಟು ಶ್ವಾಸಕೋಶ, ವೃಷಣ, ಮೆದುಳಿನ ಕಡೆಗೆ ನುಗ್ಗುತ್ತದೆ. ಅದೇ ಸಿಡಿ8 ಇನ್ನೊಂದು ಕಡೆ ಕಿವಿಯ ಹಾಲೆಯ ಮೇಲೆ ಒಂಟಿ ಗಂಟಾಗಿ ಬರುತ್ತದೆ. ಕತ್ತರಿಸಿಯೋ ವಿಕಿರಣ ಕೊಟ್ಟೋ ತೆಗೆದರೆ ಸಾಮಾನ್ಯವಾಗಿ ಮುಗಿಯಿತು, ಮರಳಿ ಬಂದರೂ ಚರ್ಮದಲ್ಲೇ. ಮೂರನೆಯದು ನಿಮ್ಮ ತಮ್ಮನಂಥ ತಿಳಿಬಿಳಿ ಮಚ್ಚೆಯದು. ಕಂದುಬಣ್ಣದ ಬೊಟ್ಟು ಮೂರು ಸ್ಲೈಡಿನಲ್ಲೂ ಒಂದೇ. ಮೈಮೇಲಿನ ನಡೆ ಮೂರರದೂ ಬೇರೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ, ತಪ್ಪಿನಿಂದ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಡಿ ಕಡೆಯ ಒಬ್ಬ ಹುಡುಗನ ತುಣುಕು ಬಂದಿತ್ತು. ಚೀಟಿಯಲ್ಲಿ ‘ಮೈಮೇಲೆ ಗುಳ್ಳೆ, ಲಿಂಫೋಮಾ ಇರಬಹುದೇ’ ಎಂಬ ಒಂದೇ ಸಾಲು. ಹೊರಪದರದ ತುಂಬ ಸಿಡಿ8. ಕ್ರೂರ ಜಾತಿ ಎಂದು ಬರೆದು ಕೈ ತೊಳೆದುಕೊಂಡೆ. ಮೂರು ವಾರದ ನಂತರ ದ್ರಾಕ್ಷಿ ಬೆಳೆಯುವ ಅವನ ಅಪ್ಪ ಹುಡುಗನನ್ನೇ ಕರಕೊಂಡು ನನ್ನ ಕೋಣೆಗೆ ಬಂದರು. ‘ಸಾಹೇಬ್ರ, ನೀವು ಬರ್ದದ್ದು ಖರೆ ಇದ್ರ ಇವು ಯಾಕ ತಾವಾಗೇ ಮಾಯಾಕತ್ತಾವ?’ ಎಂದು ಅವನ ಅಂಗಿ ಎತ್ತಿದರು. ಹಳೆಯ ಗುಳ್ಳೆಗಳು ಒಣಗಿ ಕಲೆಯಾಗಿದ್ದವು, ಪಕ್ಕದಲ್ಲಿ ಹೊಸವು ಎದ್ದಿದ್ದವು. ಅಂದೇ ಸಿಡಿ30 ಬಣ್ಣ ಹಾಕಿಸಿದೆ, ಅಚ್ಚ ಕಂದು. ಅದು ಲಿಂಫೋಮಟಾಯ್ಡ್ ಪ್ಯಾಪುಲೋಸಿಸ್, ತಾನೇ ಎದ್ದು ತಾನೇ ಮಾಯುವಂಥದ್ದು, ವರ್ಷಗಟ್ಟಲೆ ನಿಗಾ ಇಟ್ಟರೆ ಸಾಕಾಗುವಂಥದ್ದು. ಅದರಲ್ಲಿ ಸಿಡಿ8 ತೋರಿಸುವ ಒಂದು ಬಗೆ ಸ್ಲೈಡಿನಲ್ಲಿ ಕ್ರೂರ ಲಿಂಫೋಮಾದ ತದ್ರೂಪು. ಆ ಮೂರು ವಾರ ಆ ಮನೆಯಲ್ಲಿ ಒಲೆ ಹೇಗೆ ಉರಿದಿರಬೇಕು ಎಂದು ಇಂದಿಗೂ ಯೋಚಿಸುತ್ತೇನೆ. ಅಂದಿನಿಂದ ಕಿಟಕಿಯ ಬೆಳಕಿನಲ್ಲಿ ತೆಗೆದ ಫೋಟೋ ಬಾರದೆ ಲಿಂಫೋಮಾದ ವರದಿಗೆ ನಾನು ಸಹಿ ಹಾಕುವುದಿಲ್ಲ.

ನೀವು ಕಳಿಸಿದ ಫೋಟೋಗಳು ಅದಕ್ಕೇ ನನಗೆ ಸಿಡಿಗಳಿಗಿಂತ ಹೆಚ್ಚು ಹೇಳಿದವು. ಬಿಸಿಲು ತಾಗದ ಜಾಗ, ಅಂದರೆ ಚಡ್ಡಿಯ ಭಾಗ. ಅಂಚು ಕಲಸಿ ಹೋದ ಮಚ್ಚೆ. ಸುಣ್ಣದಂತೆ ಬೆಳ್ಳಗಿಲ್ಲ, ಮಾಸಿದ ಬಿಳಿ. ಎರಡು ಕಡೆ ಚರ್ಮ ತೆಳುವಾಗಿ ಹಳೆಯ ಕಾಗದದಂತೆ ಸಣ್ಣ ಸುಕ್ಕುಗಟ್ಟಿದೆ. ಎಲ್ಲೂ ಗಂಟಿಲ್ಲ, ಹುಣ್ಣಿಲ್ಲ. ಇದು ಮೈಕೋಸಿಸ್ ಫಂಗಾಯ್ಡಿಸ್‌ನ ತಿಳಿಬಣ್ಣದ ಬಗೆಗೆ ಹೊಂದುತ್ತದೆ. ಈ ಬಗೆ ನಮ್ಮಂಥ ಕಂದು ಚರ್ಮದವರಲ್ಲಿ, ಅದರಲ್ಲೂ ಮಕ್ಕಳು ಮತ್ತು ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು. ಇದರಲ್ಲಿ ಸಿಡಿ8 ಇರುವುದು ತೀರ ಸಾಮಾನ್ಯ. ಬಿಳಿ ಚರ್ಮದವರನ್ನು ನೋಡಿ ಬರೆದ ಪುಸ್ತಕಕ್ಕೆ ಇದು ‘ಅಪರೂಪ’, ನಮ್ಮ ಜಿಲ್ಲೆಗಳ ಚರ್ಮಕ್ಕೆ ಅಷ್ಟೇನೂ ಅಲ್ಲ. ಸಿಡಿ8 ಕೋಶಗಳು ಬಣ್ಣ ಮಾಡುವ ಮೆಲನೋಸೈಟುಗಳಿಗೆ ತೊಂದರೆ ಕೊಡುವುದರಿಂದಲೇ ಮಚ್ಚೆ ತಿಳಿಯಾಗುತ್ತದೆ ಎಂಬುದು ಈಗಿನ ವಿವರಣೆ.

ತೊನ್ನಿನಲ್ಲೂ ಬಣ್ಣ ತೆಗೆಯುವುದು ಸಿಡಿ8 ಕೋಶಗಳೇ! ಹೊಸದಾಗಿ ಹರಡುತ್ತಿರುವ ತೊನ್ನಿನ ಅಂಚಿನಿಂದ ತುಣುಕು ತೆಗೆದರೆ ಅದು ಈ ರೋಗದಂತೆಯೇ ಕಾಣಬಹುದು, ಮಾರ್ಕರೂ ಹೊಂದಬಹುದು. ಆದ್ದರಿಂದ ತೊನ್ನು ಎಂದ ವೈದ್ಯರನ್ನು ಬೈಯಬೇಡಿ. ಕುಷ್ಠದ ಗುಳಿಗೆ ಕೊಟ್ಟವರನ್ನೂ ನಾನು ದೂರುವುದಿಲ್ಲ, ನಮ್ಮ ಕಡೆ ತಿಳಿಬಿಳಿ ಮಚ್ಚೆ ಕಂಡಾಗ ಕುಷ್ಠವನ್ನು ಮೊದಲು ನೆನೆಯುವುದೇ ಸರಿ. ನನ್ನ ತಕರಾರು ಒಂದೇ. ಮಚ್ಚೆಯ ಮೇಲೆ ಹತ್ತಿಯ ಎಳೆ ಆಡಿಸಿದರೆ, ಬಿಸಿನೀರು ತಣ್ಣೀರಿನ ನಳಿಕೆ ತಾಗಿಸಿದರೆ ಅವನಿಗೆ ಪೂರ್ತಿ ಗೊತ್ತಾಗುತ್ತಿತ್ತು, ಮೊಣಕೈ ಹತ್ತಿರದ ನರ ದಪ್ಪ ಆಗಿರಲಿಲ್ಲ ಎಂದು ನೀವು ಕಳಿಸಿದ ಕಾಗದಗಳಲ್ಲೇ ಇದೆ. ಅಂಥಲ್ಲಿ ಗುಳಿಗೆಗೆ ಮುಂಚೆ ಒಂದು ತುಣುಕು ತೆಗೆಸಬಹುದಿತ್ತು.

ಬೆಳಕೋ ಕೀಮೋ ಎಂಬ ಪ್ರಶ್ನೆಗೆ ನನ್ನ ಉತ್ತರ ಬೆಳಕು. ಕೀಮೋ ಎಂದವರ ಕಾಳಜಿ ಅರ್ಥವಾಗುತ್ತದೆ, ‘ಲಿಂಫೋಮಾ’ ಎಂಬ ಶಬ್ದಕ್ಕೆ ಅವರು ಉತ್ತರ ಕೊಡುತ್ತಿದ್ದಾರೆ. ಆದರೆ ಈ ಪ್ರಶ್ನೆಯನ್ನು ಅಮೆರಿಕದಲ್ಲಿ 103 ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ಅರ್ಧ ಜನಕ್ಕೆ ಮೊದಲೇ ಮೈಗೆಲ್ಲ ಎಲೆಕ್ಟ್ರಾನ್ ವಿಕಿರಣ ಮತ್ತು ಕೀಮೋ, ಉಳಿದವರಿಗೆ ಹಚ್ಚುವ ಔಷಧದಿಂದ ಶುರು ಮಾಡಿ ಬೇಕಾದಾಗ ಮಾತ್ರ ಮುಂದಿನ ಹಂತದ ಚಿಕಿತ್ಸೆ. 1989ರಲ್ಲಿ ಫಲಿತಾಂಶ ಬಂತು. ಕೀಮೋದವರಲ್ಲಿ ಮಚ್ಚೆಗಳು ಹೆಚ್ಚು ಕರಗಿದವು, ಆದರೆ ಅವರು ಹೆಚ್ಚು ವರ್ಷ ಬದುಕಲಿಲ್ಲ, ಕಷ್ಟ ಮಾತ್ರ ಹೆಚ್ಚು ಉಂಡರು. ಅಂದಿನಿಂದ ಮಚ್ಚೆಯ ಹಂತದಲ್ಲಿ ಚರ್ಮಕ್ಕಷ್ಟೇ ಚಿಕಿತ್ಸೆ ಎಂಬುದು ಗಟ್ಟಿಯಾಯಿತು. ನಿಮ್ಮ ತಮ್ಮನಿಗೆ ಹೊಂದುವುದು 311 ನ್ಯಾನೊಮೀಟರಿನ ನ್ಯಾರೋಬ್ಯಾಂಡ್ ಯುವಿಬಿ ಎಂಬ ನೇರಳಾತೀತ ಬೆಳಕು, ವಾರಕ್ಕೆ ಎರಡು ಮೂರು ಸಲ, ಜೊತೆಗೆ ಕೆಲವು ಮಚ್ಚೆಗಳಿಗೆ ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್ ಮುಲಾಮು. ತಿಳಿಬಣ್ಣದ ಬಗೆ ಇದಕ್ಕೆ ಚೆನ್ನಾಗಿ ಬಗ್ಗುತ್ತದೆ. ಮಚ್ಚೆಯೊಳಗೆ ಕಂದುಬಣ್ಣ ಮರಳತೊಡಗಿದರೆ ಔಷಧ ಹತ್ತಿದೆ ಎಂದು ತಿಳಿಯಿರಿ, ಕನ್ನಡಿಯೇ ವರದಿ ಕೊಡುತ್ತದೆ. ನಿಲ್ಲಿಸಿದ ಮೇಲೆ ಮರಳಿ ಬರುವುದೂ ಉಂಟು, ಬಂದರೆ ಮತ್ತೆ ಬೆಳಕು. ಇದು ಸಕ್ಕರೆ ಕಾಯಿಲೆಯಂತೆ ಜೊತೆಗಿಟ್ಟುಕೊಂಡು ಬಾಳುವ ಬೇನೆ.

ನಿಜವಾದ ತೊಂದರೆ ಬಸ್ಸಿನದು. ವಾರಕ್ಕೆ ಮೂರು ದಿನ ಮಗ್ಗ ನಿಲ್ಲಿಸಿ ಬೆಳಗಾವಿಗೆ ಬಾ ಎಂದರೆ ಎರಡು ತಿಂಗಳಲ್ಲಿ ಯಾರೇ ಆದರೂ ಬಿಟ್ಟುಬಿಡುತ್ತಾರೆ. ಬಾಗಲಕೋಟೆ, ವಿಜಯಪುರ ಎರಡೂ ಕಡೆ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಯ ಚರ್ಮರೋಗ ವಿಭಾಗಕ್ಕೆ ಫೋನು ಮಾಡಿ, ನ್ಯಾರೋಬ್ಯಾಂಡ್ ಪೆಟ್ಟಿಗೆ ಇದೆಯೇ, ಯಾವ ದಿನ ನಡೆಸುತ್ತೀರಿ ಎಂದು ಕೇಳಿ ಹತ್ತಿರದ್ದನ್ನೇ ಹಿಡಿಯಿರಿ. ಮಗ್ಗದ ಮನೆಯ ಮಾಳಿಗೆ ಮೇಲೆ ಬಿಸಿಲಿಗೆ ನಿಂತರೆ ಆದೀತೇ ಎಂದು ನಿಮ್ಮ ತಮ್ಮ ಕೇಳಿಯಾನು. ಬಿಸಿಲಿಗೆ ಅಳತೆ ಇಲ್ಲ, ಮೈ ಸುಟ್ಟುಕೊಳ್ಳುವುದಷ್ಟೇ ಆಗುತ್ತದೆ.

ಚಿಕಿತ್ಸೆಗೆ ಮುಂಚೆ ಹಂತ ಗೊತ್ತು ಮಾಡಬೇಕು. ಬೆರಳು ಸೇರಿ ರೋಗಿಯ ಒಂದು ಅಂಗೈಯಗಲ ಎಂದರೆ ಮೈಯ ಶೇ 1 ಎಂದು ಲೆಕ್ಕ. ಮಚ್ಚೆ ಶೇ 10ಕ್ಕಿಂತ ಕಡಿಮೆ ಇದ್ದರೆ ಅವರ ಆಯುಷ್ಯ ಅದೇ ವಯಸ್ಸಿನ ಇತರರಷ್ಟೇ. ಫೋಟೋದಲ್ಲಿ ನಾನು ಎಣಿಸಿದ್ದು ಹನ್ನೆರಡು ಅಂಗೈ ಸುಮಾರು, ಅಂದರೆ ಗೆರೆಯನ್ನು ತುಸು ದಾಟಿದೆ. ಈ ತಿಳಿಬಣ್ಣದ ಬಗೆ ಉಳಿದವಕ್ಕಿಂತ ಸೌಮ್ಯ ಎಂಬುದು ಸಮಾಧಾನದ ವಿಷಯ. ಆದರೂ ಕಂಕುಳು, ತೊಡೆಸಂದಿ, ಕುತ್ತಿಗೆಯಲ್ಲಿ ಗಡ್ಡೆ ಇದೆಯೇ ಎಂದು ವೈದ್ಯರು ಕೈಯಿಂದ ನೋಡಲಿ. ಸಾಧ್ಯವಾದರೆ ರಕ್ತಕಣಗಳ ಮೇಲಿನ ಸಿಡಿಗಳನ್ನು ಎಣಿಸುವ ಫ್ಲೋ ಸೈಟೋಮೆಟ್ರಿ ಒಂದು ಸಲ ಆಗಲಿ. ಮುಂದೆ ಯಾವತ್ತಾದರೂ ಒಂದು ಮಚ್ಚೆ ದಪ್ಪಗಾಗಿ ಕೈಗೆ ಹತ್ತಿದರೆ, ಹುಣ್ಣಾದರೆ, ಇಲ್ಲವೇ ಮೈಯೆಲ್ಲ ಕೆಂಪಾಗಿ ತುರಿಸತೊಡಗಿದರೆ ಅಂದೇ ತೋರಿಸಿ, ಆ ಜಾಗದಿಂದ ಹೊಸ ತುಣುಕು ತೆಗೆಯಬೇಕಾಗುತ್ತದೆ. ಆಗ ಸಿಡಿ30 ಬಂತೇ, ಕೋಶಗಳು ದೊಡ್ಡವಾದವೇ ಎಂಬುದಕ್ಕೆ ನಿಜಕ್ಕೂ ಬೆಲೆ ಇರುತ್ತದೆ.

ಸದ್ಯಕ್ಕೂ ಇನ್ನೊಂದು ತುಣುಕು ಒಳ್ಳೆಯದು, ಬೇರೆ ಮಚ್ಚೆಯಿಂದ. ಎರಡೂ ಕಡೆಯ ಟಿ ಕೋಶಗಳ ಜೀನ್ ಗುರುತು ಒಂದೇ ಎಂದು ಬಂದರೆ ವಾದ ಮುಗಿದಂತೆ. ಒಂದೇ ಕಡೆ ಬಂದರೆ ಅಷ್ಟು ಗಟ್ಟಿಯಲ್ಲ, ಉರಿಯೂತದಲ್ಲೂ ಹಾಗೆ ಬರುವುದುಂಟು. ತೆಗೆಸುವ ಮುಂಚೆ ಮೂರು ನಾಲ್ಕು ವಾರ ಆ ಜಾಗಕ್ಕೆ ಮೆಡಿಕಲ್ ಅಂಗಡಿಯ ಯಾವ ಟ್ಯೂಬನ್ನೂ ಹಚ್ಚಬೇಡಿ. ಅವುಗಳಲ್ಲಿನ ಸ್ಟೀರಾಯ್ಡ್ ಎಳ್ಳನ್ನೆಲ್ಲ ಉದುರಿಸಿಬಿಡುತ್ತದೆ, ಆಮೇಲೆ ನಮಗೆ ಬರೀ ರೊಟ್ಟಿ ಕಾಣುತ್ತದೆ. ತುಣುಕು ಬೀಳಬೇಕಾದದ್ದು ಅದನ್ನು ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿ, ಸಲೈನಿನಲ್ಲಲ್ಲ. ಸಲೈನಿನಲ್ಲಿ ಬಂದ ತುಣುಕಿನ ಮೇಲೆ ಸಿಡಿ4 ಹತ್ತಲಿಲ್ಲವೆಂದರೆ ಅದು ರೋಗದ ಗುಣವೋ ಬಾಟಲಿಯ ಗುಣವೋ ಹೇಳುವುದು ಕಷ್ಟ.

ಹಳೆಯ ಬ್ಲಾಕು, ಸ್ಲೈಡು ಎರಡನ್ನೂ ಲ್ಯಾಬಿನಿಂದ ಬರೆದುಕೊಟ್ಟು ಕೇಳಿ ಪಡೆಯಿರಿ, ವರದಿಯ ಕಾಗದ ಮಾತ್ರ ಸಾಲದು. ಬ್ಲಾಕು ಎಂದರೆ ಮೇಣದಲ್ಲಿ ಕೂರಿಸಿದ ತುಣುಕು. ಅದನ್ನು ಅರಿವೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ತನ್ನಿ. ಮೇ ತಿಂಗಳ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಬಂದ ಒಬ್ಬರ ಬ್ಲಾಕು ನನ್ನ ಮೇಜಿಗೆ ಬರುವಷ್ಟರಲ್ಲಿ ಮೆತ್ತಗಾಗಿ ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡಿತ್ತು.